ಬಿಸಿನೆಸ್ ಸ್ಕೂಲಿನ ವೆಲ್‌ಕಮ್ ವೀಕೆಂಡ್: ಹೊರಡುವ ಮೊದಲಿನಿಂದ ಡೆಪಾಸಿಟ್ ಕಟ್ಟುವವರೆಗೆ

ಅಡ್ಮಿಷನ್ ಸಿಕ್ಕಿದೆ ಎಂಬ ಫೋನ್ ಕರೆಗೂ ಸೀಟು ಕಾಯ್ದಿರಿಸುವ ಡೆಪಾಸಿಟ್ ಕಟ್ಟುವ ಕೊನೆಯ ದಿನಕ್ಕೂ ನಡುವೆ ಇರುವುದು ಕೆಲವೇ ವಾರ. ಅದಕ್ಕೆ ಮೊದಲು ಹೆಚ್ಚು ಕಡಿಮೆ ಒಂದು ವರ್ಷ ಪರೀಕ್ಷೆಗೆ ಒಳಗಾದವರು ನೀವು. ಜಿಮ್ಯಾಟ್ ಬರೆದಿರಿ, ಪ್ರಬಂಧಗಳನ್ನು ತಿದ್ದಿ ತಿದ್ದಿ ಕಳಿಸಿದಿರಿ, ಮೇಲಧಿಕಾರಿಯ ಬೆನ್ನು ಹತ್ತಿ ಶಿಫಾರಸು ಪತ್ರ ಬರೆಸಿದಿರಿ, ಸಂದರ್ಶನದಲ್ಲಿ ಕೂತಿರಿ. ಈ ಕೆಲವು ವಾರ ಮಾತ್ರ ಪರೀಕ್ಷೆ ಬರೆಯುವ ಸರದಿ ಶಾಲೆಯದು. ಸೀಟು ಕೊಟ್ಟಾಗಿದೆ, ನೀವು ಬರುತ್ತೀರೋ ಇಲ್ಲವೋ ಎಂಬುದು ಅವರಿಗೆ ಗೊತ್ತಿಲ್ಲ. ಆ ಅನುಮಾನ ಕಳೆದುಕೊಳ್ಳಲೆಂದೇ ಅಮೆರಿಕದ ಎಂಬಿಎ ಶಾಲೆಗಳು ಹೊಸಬರನ್ನು ಎರಡು ಮೂರು ದಿನ ಕ್ಯಾಂಪಸ್ಸಿಗೆ ಕರೆದು ಉಪಚರಿಸುತ್ತವೆ.

ಒಂದೊಂದು ಶಾಲೆ ಇದಕ್ಕೆ ಒಂದೊಂದು ಹೆಸರಿಟ್ಟಿದೆ. ನಾರ್ತ್‌ವೆಸ್ಟರ್ನ್‌ನ ಕೆಲಾಗ್‌ನಲ್ಲಿ ‘ಡೇ ಅಟ್ ಕೆಲಾಗ್’, ವಿದ್ಯಾರ್ಥಿಗಳ ಬಾಯಲ್ಲಿ ಬರೀ ‘ಡ್ಯಾಕ್’. ಡ್ಯೂಕ್‌ನ ಫುಕ್ವಾದಲ್ಲಿ ‘ಬ್ಲೂ ಡೆವಿಲ್ ವೀಕೆಂಡ್’, ಮಿಷಿಗನ್‌ನ ರಾಸ್‌ನಲ್ಲಿ ‘ಗೋ ಬ್ಲೂ ರಾಂದೆವೂ’, ಶಿಕಾಗೊದ ಬೂತ್‌ನಲ್ಲಿ ‘ಫಸ್ಟ್ ಡೇ’, ಸ್ಟ್ಯಾನ್‌ಫರ್ಡ್‌ನಲ್ಲಿ ‘ಅಡ್ಮಿಟ್ ವೀಕೆಂಡ್’. ಹೆಸರು ಬೇರೆಯಾದರೂ ಒಳಗಿನ ಹೂರಣ ಬಹುತೇಕ ಒಂದೇ: ಡೀನ್ ಭಾಷಣ, ಮಾದರಿ ತರಗತಿ, ಉದ್ಯೋಗ ವಿಭಾಗದವರ ಮಾತು, ವಿದ್ಯಾರ್ಥಿಗಳ ಕ್ಲಬ್ ಮೇಳ, ರಾತ್ರಿ ಪಾರ್ಟಿ.

ಇಂಥ ವೀಕೆಂಡ್‌ಗಳಿಗೆ ನಾನು ಎರಡು ಬಾರಿ ಹೋಗಿದ್ದೇನೆ, ಎರಡು ಬೇರೆ ಬೇರೆ ಶಾಲೆಗಳಿಗೆ. ಮೊದಲನೆಯದರಲ್ಲಿ ಮುದ್ರಿತ ಪಟ್ಟಿಯ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಚೀಲದ ತುಂಬ ಕರಪತ್ರ ತಂದೆ, ಆದರೆ ನಿರ್ಧಾರಕ್ಕೆ ಬೇಕಾದ ಒಂದು ಸಂಗತಿಯೂ ಕೈಯಲ್ಲಿರಲಿಲ್ಲ. ಎರಡನೆಯದಕ್ಕೆ ಪ್ರಶ್ನೆಗಳನ್ನು ಕಟ್ಟಿಕೊಂಡು ಹೋದೆ. ಆ ಸಲ ವಾಪಸು ಬರುವ ವಿಮಾನ ಏರುವ ಮೊದಲೇ ಮನಸ್ಸು ತೀರ್ಮಾನಿಸಿತ್ತು. ಎರಡರ ನಡುವಿನ ಈ ವ್ಯತ್ಯಾಸವೇ ಇಲ್ಲಿ ಬರೆಯಲು ಹೊರಟಿರುವುದು.

ಹಂತ 1: ಹೋಗಬೇಕೇ ಎಂದು ಮೊದಲು ತೀರ್ಮಾನಿಸಿ

ಎರಡು ಅಥವಾ ಹೆಚ್ಚು ಶಾಲೆಗಳಲ್ಲಿ ಸೀಟು ಸಿಕ್ಕಿ, ಯಾವುದೆಂದು ತೋಚದಿದ್ದರೆ ಖಂಡಿತ ಹೋಗಿ. ಸಂಗಾತಿಯೂ ಊರು ಬಿಟ್ಟು ನಿಮ್ಮೊಂದಿಗೆ ಬರುವವರಿದ್ದರೆ ಇಬ್ಬರೂ ಹೋಗಿ. ಅವರ ಒಪ್ಪಿಗೆಗೆ ನಿಮ್ಮ ಒಪ್ಪಿಗೆಯಷ್ಟೇ ತೂಕವಿದೆ. ಒಂದೇ ಶಾಲೆ, ಅದೇ ಕನಸಿನ ಶಾಲೆ, ಡೆಪಾಸಿಟ್ ಕಟ್ಟುವುದು ಖಚಿತ ಎನ್ನುವವರು ಸಾಲ ಮಾಡಿ ಹೋಗಬೇಕಾದ್ದಿಲ್ಲ. ಅಲ್ಲಿ ಸಿಗುವ ಸ್ನೇಹ ಆಗಸ್ಟ್‌ನಲ್ಲೂ ಸಿಗುತ್ತದೆ. ವೀಕೆಂಡ್‌ಗೆ ಬಾರದವರು ತರಗತಿ ಶುರುವಾಗಿ ಎರಡು ವಾರದಲ್ಲಿ ಎಲ್ಲರೊಂದಿಗೆ ಬೆರೆತುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ದಿನಾಂಕವನ್ನೂ ನೋಡಿಕೊಳ್ಳಿ. ಸೆಪ್ಟೆಂಬರ್ ಸುಮಾರಿಗೆ ಅರ್ಜಿ ಹಾಕುವ ಮೊದಲ ಸುತ್ತಿನವರಿಗೆ ಡಿಸೆಂಬರ್‌ನಲ್ಲಿ ಫಲಿತಾಂಶ, ಹಲವು ಕಡೆ ಫೆಬ್ರುವರಿ ಹೊತ್ತಿಗೆ ವೀಕೆಂಡ್. ಜನವರಿಯ ಎರಡನೇ ಸುತ್ತಿನವರಿಗೆ ಮಾರ್ಚ್ ಕೊನೆಯ ಆಸುಪಾಸಿನಲ್ಲಿ ಫಲಿತಾಂಶ, ಏಪ್ರಿಲ್‌ನಲ್ಲಿ ವೀಕೆಂಡ್. ಎರಡು ಶಾಲೆಗಳ ವೀಕೆಂಡ್ ಒಂದೇ ಶನಿವಾರ ಬೀಳುವುದು ಅಪರೂಪವಲ್ಲ. ಹಾಗಾದಾಗ ನಿಮಗೆ ಹೆಚ್ಚು ಅನುಮಾನವಿರುವ ಶಾಲೆಗೆ ಹೋಗಿ, ಹೆಚ್ಚು ಇಷ್ಟವಿರುವ ಶಾಲೆಗಲ್ಲ. ಇಷ್ಟವಿರುವುದರ ಬಗ್ಗೆ ಆಗಲೇ ಸಾಕಷ್ಟು ಓದಿರುತ್ತೀರಿ. ಕೈಬಿಟ್ಟ ವೀಕೆಂಡಿನ ಶಾಲೆಗೆ ಪತ್ರ ಬರೆದು, ಬೇರೆ ದಿನ ಬಂದರೆ ಒಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿ ತರಗತಿ ತೋರಿಸುತ್ತೀರಾ ಎಂದು ಕೇಳಿ. ಸೀಟು ಸಿಕ್ಕವರ ಇಂಥ ಕೋರಿಕೆಯನ್ನು ಶಾಲೆಗಳು ಸುಲಭಕ್ಕೆ ತಳ್ಳಿಹಾಕುವುದಿಲ್ಲ.

ಹಂತ 2: ವೀಸಾ, ರಜೆ, ಖರ್ಚು

ಹೊರದೇಶದಿಂದ ಹೋಗುವವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓದಲು ಬೇಕಾದದ್ದು ಎಫ್-1 ವಿದ್ಯಾರ್ಥಿ ವೀಸಾ. ಆದರೆ ಆ ವೀಸಾಕ್ಕಾಗಿ ಶಾಲೆ ಕೊಡುವ ಐ-20 ಪತ್ರದಲ್ಲಿ ನಮೂದಾದ ಕೋರ್ಸಿನ ಆರಂಭದ ದಿನಕ್ಕೆ 30 ದಿನಕ್ಕಿಂತ ಮುಂಚೆ ಆ ವೀಸಾದ ಮೇಲೆ ಅಮೆರಿಕ ಪ್ರವೇಶಿಸುವಂತಿಲ್ಲ. ಅಂದರೆ ಎಫ್-1 ಬೇಗ ಸಿಕ್ಕಿದ್ದರೂ ಫೆಬ್ರುವರಿ ಅಥವಾ ಏಪ್ರಿಲ್‌ನ ವೀಕೆಂಡ್‌ಗೆ ಅದು ಉಪಯೋಗಕ್ಕಿಲ್ಲ. ಬೇಕಾದದ್ದು ಬಿ-1/ಬಿ-2 ಸಂದರ್ಶಕ ವೀಸಾ, ಅಥವಾ ವೀಸಾ ಮನ್ನಾ ಇರುವ ದೇಶದವರಾದರೆ ಎಸ್ಟಾ ಅನುಮತಿ. ಹಳೆಯ ಸಂದರ್ಶಕ ವೀಸಾ ಊರ್ಜಿತದಲ್ಲಿದ್ದರೆ ನಿಮ್ಮ ಕೆಲಸ ಸಲೀಸು. ಇಲ್ಲದಿದ್ದರೆ, ಸಂದರ್ಶನಕ್ಕೆ ದಿನಾಂಕ ಸಿಗಲು ನಿಮ್ಮ ನಗರದ ಕಾನ್ಸುಲೇಟಿನಲ್ಲಿ ಎಷ್ಟು ಕಾಯಬೇಕು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿ. ಕೆಲವು ಕಡೆ ಅದು ತಿಂಗಳುಗಟ್ಟಲೆ. ಅಷ್ಟರಲ್ಲಿ ವೀಕೆಂಡ್ ಮುಗಿದೇ ಹೋಗುತ್ತದೆ. ಎರಡನೇ ಸುತ್ತಿನವರಿಗೆ ಫಲಿತಾಂಶಕ್ಕೂ ವೀಕೆಂಡ್‌ಗೂ ನಡುವೆ ಮೂರು ನಾಲ್ಕು ವಾರವಷ್ಟೇ ಇರುವುದರಿಂದ, ಹೊಸದಾಗಿ ವೀಸಾ ಮಾಡಿಸಿ ಹೋಗುವ ಲೆಕ್ಕ ಬಹುತೇಕ ಕೂಡಿಬರುವುದಿಲ್ಲ.

ಶಾಲೆಯಿಂದ ಆಹ್ವಾನ ಪತ್ರ ಕೇಳಿ ಪಡೆದು, ಮುದ್ರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ವೀಸಾ ಅಧಿಕಾರಿ ಕೇಳಲಿ, ವಿಮಾನ ನಿಲ್ದಾಣದ ವಲಸೆ ಅಧಿಕಾರಿ ಕೇಳಲಿ, ಇದ್ದದ್ದನ್ನು ಇದ್ದಹಾಗೆ ಹೇಳಿ: ಎಂಬಿಎಗೆ ಸೀಟು ಸಿಕ್ಕಿದೆ, ಶಾಲೆ ನೋಡಲು ಮೂರು ದಿನಕ್ಕೆ ಬಂದಿದ್ದೇನೆ, ಇಂಥ ದಿನ ಹಿಂತಿರುಗುವ ಟಿಕೆಟ್ ಇದೆ. ‘ಸುಮ್ಮನೆ ತಿರುಗಾಡಲು’ ಎಂದು ಹೇಳಿ, ಆಮೇಲೆ ಚೀಲದಿಂದ ಶಾಲೆಯ ಪತ್ರ ಹೊರಬಿದ್ದರೆ, ಆ ಸಣ್ಣ ಸುಳ್ಳು ನಾಳೆಯ ಎಫ್-1ಗೇ ಅಡ್ಡ ಬಂದೀತು.

ಎರಡನೆಯದು ರಜೆ. ಹೆಚ್ಚಿನವರು ಆ ಹೊತ್ತಿಗೆ ಆಫೀಸಿನಲ್ಲಿ ವಿಷಯ ಬಾಯಿಬಿಟ್ಟಿರುವುದಿಲ್ಲ. ವೀಕೆಂಡ್‌ನಲ್ಲಿ ಮಾತ್ರ ಎಲ್ಲರೂ ಫೋಟೊ ತೆಗೆದು ಲಿಂಕ್ಡ್‌ಇನ್‌ಗೂ ಇನ್‌ಸ್ಟಾಗ್ರಾಮ್‌ಗೂ ಏರಿಸುತ್ತಿರುತ್ತಾರೆ. ನೀವು ಏರಿಸದಿದ್ದರೂ ಬೇರೆ ಯಾರೋ ನಿಮ್ಮನ್ನು ಟ್ಯಾಗ್ ಮಾಡುತ್ತಾರೆ. ಹೊರಡುವ ಮುನ್ನ ಟ್ಯಾಗ್‌ಗೆ ನಿಮ್ಮ ಒಪ್ಪಿಗೆ ಬೇಕೆಂದು ಸೆಟ್ಟಿಂಗ್ ಬದಲಿಸಿಡಿ. ಗುಂಪು ಫೋಟೊ ತೆಗೆಯುವಾಗ ‘ಆಫೀಸಿನಲ್ಲಿ ಇನ್ನೂ ಹೇಳಿಲ್ಲ’ ಎಂದರೆ ಸಾಕು, ಅರ್ಧ ಗುಂಪಿನ ಕಥೆಯೂ ಅದೇ ಆಗಿರುತ್ತದೆ.

ಖರ್ಚಿನ ವಿಷಯದಲ್ಲಿ ಸಂಕೋಚ ಬೇಡ. ಕೆಲವು ಶಾಲೆಗಳು ಆರಿಸಿದ ಕೆಲವರಿಗೆ ಪ್ರಯಾಣದ ನೆರವು ಕೊಡುತ್ತವೆ. ಎಲ್ಲರಿಗೂ ಕಳಿಸುವ ಪತ್ರದಲ್ಲಿ ಅದರ ಸುಳಿವು ಇರದೆಯೂ ಇರಬಹುದು, ಅಡ್ಮಿಷನ್ ಕಚೇರಿಗೆ ಎರಡು ಸಾಲು ಬರೆದು ಕೇಳಿ. ಈಗಿನ ವಿದ್ಯಾರ್ಥಿಗಳ ಮನೆಯಲ್ಲಿ ಉಳಿಯುವ ಅವಕಾಶವಿದೆಯೇ ಎಂದೂ ವಿಚಾರಿಸಿ. ನನ್ನ ಎರಡನೇ ಭೇಟಿಯಲ್ಲಿ ಒಬ್ಬ ವಿದ್ಯಾರ್ಥಿಯ ಸೋಫಾದ ಮೇಲೆ ಎರಡು ರಾತ್ರಿ ಮಲಗಿದೆ. ಹೋಟೆಲಿನ ಹಣ ಉಳಿದದ್ದು ಹಾಗಿರಲಿ. ಮಧ್ಯರಾತ್ರಿ ಹನ್ನೆರಡಕ್ಕೆ ಆತ ಗುಂಪು ಅಸೈನ್‌ಮೆಂಟಿಗಾಗಿ ಕರೆ ಮಾಡುತ್ತ ಒದ್ದಾಡುತ್ತಿದ್ದುದನ್ನು ನೋಡಿ ಕಲಿತಷ್ಟನ್ನು ಯಾವ ಭಾಷಣದಿಂದಲೂ ಕಲಿಯಲಿಲ್ಲ.

ಹಂತ 3: ಒಂದು ಪುಟದ ಪ್ರಶ್ನೆಪತ್ರಿಕೆ

ಪರೀಕ್ಷೆ ಶಾಲೆಯದಾದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವವರು ನೀವು. ಒಂದೇ ಪುಟ ಸಾಕು. ವೆಬ್‌ಸೈಟಿನಲ್ಲಿ ಉತ್ತರ ಸಿಗುವ ಪ್ರಶ್ನೆಗಳನ್ನು ಹೊಡೆದುಹಾಕಿ. ಅಷ್ಟು ದೂರ ಹೋಗಿ ಎಷ್ಟು ಕ್ರೆಡಿಟ್ ಎಂದು ಕೇಳಿ ಪ್ರಯೋಜನವಿಲ್ಲ.

ಮನೆಯಲ್ಲಿ ಕೂತು ಓದಲೇಬೇಕಾದದ್ದು ಶಾಲೆಯ ಉದ್ಯೋಗ ವರದಿ. ಪದವಿ ಮುಗಿದ ದಿನ ಎಷ್ಟು ಮಂದಿಯ ಕೈಯಲ್ಲಿ ಕೆಲಸವಿತ್ತು, ಮೂರು ತಿಂಗಳ ನಂತರ ಎಷ್ಟು ಮಂದಿಗೆ ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ದೊಡ್ಡ ಅಕ್ಷರದಲ್ಲಿ ಶೇ. 90 ಎಂದಿದ್ದರೆ ಅದು ಇಡೀ ತರಗತಿಯ 90 ಅಲ್ಲ, ಕೆಲಸ ಹುಡುಕುತ್ತಿದ್ದೇನೆ ಎಂದವರಲ್ಲಿ 90. ಸ್ವಂತ ಕಂಪನಿ ಶುರು ಮಾಡಿದವರು, ಹಳೆಯ ಕಂಪನಿಯ ಹಣದಲ್ಲಿ ಓದಿ ಅಲ್ಲಿಗೇ ಮರಳಿದವರು ಆ ಲೆಕ್ಕದ ಹೊರಗೆ. ಹಲವು ವರದಿಗಳಲ್ಲಿ ಅಮೆರಿಕದಲ್ಲಿ ದುಡಿಯಲು ಶಾಶ್ವತ ಅನುಮತಿ ಇರುವವರ ಮತ್ತು ಇಲ್ಲದವರ ಅಂಕಿಗಳನ್ನು ಬೇರೆ ಬೇರೆ ಕೊಟ್ಟಿರುತ್ತಾರೆ. ಹೊರದೇಶದವರು ನೋಡಬೇಕಾದದ್ದು ಎರಡನೆಯದನ್ನು. ಕೆಲಸ ಶಾಲೆಯ ಮೂಲಕ ಸಿಕ್ಕಿತೋ ವಿದ್ಯಾರ್ಥಿ ತಾನೇ ಹುಡುಕಿಕೊಂಡದ್ದೋ ಎಂಬ ವಿಂಗಡಣೆಯೂ ಇರುತ್ತದೆ, ಪುಟ ತಿರುಗಿಸುವ ಅವಸರದಲ್ಲಿ ಅದನ್ನು ದಾಟಿಬಿಡಬೇಡಿ.

ಶಾಲೆಯ ಸ್ವಭಾವಕ್ಕೆ ತಕ್ಕ ಹಾಗೆ ಪ್ರಶ್ನೆಯೂ ಬದಲಾಗಬೇಕು. ಹಾರ್ವರ್ಡ್‌ನಲ್ಲಿ ಮೊದಲ ವರ್ಷವಿಡೀ ಸುಮಾರು 90 ಮಂದಿಯ ಒಂದೇ ಸೆಕ್ಷನ್ ಜೊತೆ ಕೂತು ಕೇಸ್, ಅಂದರೆ ಯಾವುದೋ ಕಂಪನಿ ಎದುರಿಸಿದ ಸನ್ನಿವೇಶ, ಚರ್ಚಿಸಬೇಕು. ತರಗತಿಯಲ್ಲಿ ಬಾಯಿ ಬಿಡದವರಿಗೆ ಅಲ್ಲಿ ಅಂಕ ದಕ್ಕುವುದು ಕಷ್ಟ. ಅಲ್ಲಿ ಕೇಳಬೇಕಾದದ್ದು, ಮಾತಿಗೆ ಹಿಂಜರಿಯುವವರು ಮೊದಲ ಸೆಮಿಸ್ಟರ್ ಹೇಗೆ ದಾಟಿದರು ಎಂದು. ಬೂತ್‌ನಲ್ಲಿ ‘ಲೀಡ್’ ಎಂಬ ಒಂದೇ ಕೋರ್ಸು ಎಲ್ಲರಿಗೂ ಕಡ್ಡಾಯ, ಉಳಿದದ್ದರಲ್ಲಿ ಬಹಳ ಸ್ವಾತಂತ್ರ್ಯ. ಅಲ್ಲಿಯ ಪ್ರಶ್ನೆ, ಎಲ್ಲರೂ ಬೇರೆ ಬೇರೆ ತರಗತಿಯಲ್ಲಿದ್ದರೆ ಗೆಳೆತನ ಎಲ್ಲಿ ಬೆಳೆಯುತ್ತದೆ? 1900ರಲ್ಲಿ ಶುರುವಾದ ಡಾರ್ಟ್‌ಮತ್‌ನ ಟಕ್ ಇರುವುದು ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿ, ತರಗತಿಯೂ ಚಿಕ್ಕದು. ಅಲ್ಲಿ ಕೇಳಿ, ಫೆಬ್ರುವರಿಯ ಒಂದು ಮಂಗಳವಾರ ಸಂಜೆ ಏನು ಮಾಡುತ್ತೀರಿ? ರಾಸ್‌ನಲ್ಲಿ ಮೊದಲ ವರ್ಷದವರು ಒಂದು ನಿಜವಾದ ಸಂಸ್ಥೆಗಾಗಿ ಏಳು ವಾರ ಪ್ರಾಜೆಕ್ಟ್ ಮಾಡುತ್ತಾರೆ. ಪ್ರಾಜೆಕ್ಟ್ ಹಂಚುವುದು ಹೇಗೆ, ಬಯಸಿದ್ದು ಸಿಗದವರ ಅನುಭವವೇನು ಎಂದು ವಿಚಾರಿಸಿ.

ಹಂತ 4: ಸಾಮಾನು, ಬಟ್ಟೆ, ತಲುಪುವ ಹೊತ್ತು

ಕಾರ್ಯಕ್ರಮಕ್ಕೆ ಒಂದು ದಿನ ಮೊದಲೇ ತಲುಪಿ. ಹತ್ತು ಗಂಟೆಗಳ ಕಾಲವ್ಯತ್ಯಾಸ ದಾಟಿ ಬಂದವರು ಮಧ್ಯಾಹ್ನ ಮೂರಕ್ಕೆ ತೂಕಡಿಸುತ್ತಾರೆ, ಮುಖ್ಯ ಚರ್ಚೆಗಳಿರುವುದೂ ಆ ಹೊತ್ತಿಗೇ. ಹಗಲಿಗೆ ಕಾಲರ್ ಅಂಗಿ ಅಥವಾ ಅದಕ್ಕೆ ಸಮನಾದ ಅಚ್ಚುಕಟ್ಟು ಉಡುಪು ಸಾಕು, ಸೂಟು ಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿದ್ದರೆ ಮಾತ್ರ ಒಯ್ಯಿರಿ. ಬೂಟು ಮಾತ್ರ ಹಳೆಯದಿರಲಿ, ದಿನವಿಡೀ ನಿಂತೇ ಇರುತ್ತೀರಿ. ಕೆಲಾಗ್ ಇರುವ ಇವಾನ್ಸ್‌ಟನ್‌ನಲ್ಲಿ ಮಿಷಿಗನ್ ಸರೋವರದ ದಂಡೆಯ ಫೆಬ್ರುವರಿ ಗಾಳಿಗೆ ಒಂದು ಸ್ವೆಟರ್ ಏನೇನೂ ಸಾಲದು. ಪದರ ಪದರವಾಗಿ ಹಾಕಿಕೊಳ್ಳುವ ಬಟ್ಟೆ, ಟೋಪಿ, ಕೈಗವಸು ಇರಲಿ. ಆ ಚಳಿ ಕೂಡ ನಿಮ್ಮ ಪರೀಕ್ಷೆಯ ಒಂದು ವಿಷಯ, ಎರಡು ಚಳಿಗಾಲ ನೀವಲ್ಲಿ ಕಳೆಯಬೇಕು.

ಹಂತ 5: ಮೊದಲ ಸಂಜೆ, ನೂರು ಕೈಕುಲುಕು

ಕೊರಳಿಗೆ ಹೆಸರಿನ ಚೀಟಿ ಬಿದ್ದ ಕ್ಷಣದಿಂದ ನಾಲ್ಕು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಎಲ್ಲಿಂದ ಬಂದಿರಿ, ಏನು ಮಾಡುತ್ತಿದ್ದಿರಿ, ಮುಂದೇನು, ಬೇರೆ ಎಲ್ಲಿ ಸಿಕ್ಕಿದೆ. ಮೊದಲ ಮೂರಕ್ಕೆ ಎರಡೆರಡು ವಾಕ್ಯದ ಉತ್ತರ ಸಿದ್ಧವಿರಲಿ. ಸಂದರ್ಶನದ ಧಾಟಿ ಬೇಡ, ಪಕ್ಕದ ಸೀಟಿನವರಿಗೆ ಹೇಳುವ ಹಾಗಿರಲಿ. ‘ಮುಂದೇನು’ ಎಂಬುದಕ್ಕೆ ‘ಇನ್ನೂ ಗೊತ್ತಿಲ್ಲ, ಎರಡು ದಾರಿ ನೋಡುತ್ತಿದ್ದೇನೆ’ ಎಂದರೆ ಯಾರೂ ಕೀಳಾಗಿ ಕಾಣುವುದಿಲ್ಲ. ಹಾಗೆ ಹೇಳಿದವರ ಸುತ್ತಲೇ ಒಳ್ಳೆಯ ಮಾತುಕತೆ ಹುಟ್ಟುವುದನ್ನು ನೋಡಿದ್ದೇನೆ.

ನಾಲ್ಕನೆಯ ಪ್ರಶ್ನೆಗೆ ಉತ್ತರಿಸಲೇಬೇಕೆಂದಿಲ್ಲ. ಹೇಳುವುದಾದರೆ ನಿಜ ಹೇಳಿ, ಇಲ್ಲವಾದರೆ ‘ಇನ್ನೊಂದು ಎರಡು ನೋಡುತ್ತಿದ್ದೇನೆ’ ಎಂದು ಮುಗಿಸಿ. ನೀವಾಗಿ ಕೇಳಬೇಡಿ. ಅದೇ ಶಾಲೆಯ ವೇಟ್‌ಲಿಸ್ಟಿನಲ್ಲಿ ತಿಂಗಳು ಕಳೆದು ಬಂದವರೂ ಆ ಗುಂಪಿನಲ್ಲಿರುತ್ತಾರೆ.

ಒಳಗೊಳಗೆ ಒಂದು ಅಳುಕೂ ಏಳುತ್ತದೆ: ಇವರೆಲ್ಲ ನನಗಿಂತ ದೊಡ್ಡವರು, ನನಗೆ ಹೇಗೋ ಸಿಕ್ಕಿಬಿಟ್ಟಿದೆ. ಸೇನೆಯಲ್ಲಿದ್ದವರು, ಕಂಪನಿ ಕಟ್ಟಿ ಮಾರಿದವರು, ಐದು ಭಾಷೆ ಆಡುವವರು ಒಂದೇ ಮೇಜಿನಲ್ಲಿ ಕೂತಾಗ ಹಾಗನ್ನಿಸುವುದು ಸಹಜ. ನನಗೂ ಅನ್ನಿಸಿತ್ತು, ಪಕ್ಕದಲ್ಲಿದ್ದವಳಿಗೂ ಹಾಗೇ ಅನ್ನಿಸಿತ್ತೆಂದು ಆರು ತಿಂಗಳ ನಂತರ ತಿಳಿಯಿತು. ನಿಮ್ಮ ಅರ್ಜಿ ಓದಿ ಸೀಟು ಕೊಟ್ಟದ್ದು ಅವರನ್ನು ಆರಿಸಿದ ಅದೇ ಸಮಿತಿ.

ಎಲ್ಲರ ಹೆಸರು ನೆನಪಿಡಲು ಹೋಗಬೇಡಿ. ದಿನಕ್ಕೆ ನಾಲ್ಕೈದು ಮಂದಿಯೊಡನೆ ಹದಿನೈದು ನಿಮಿಷ ಮಾತಾಡಿದರೆ ಅದೇ ದೊಡ್ಡ ಗಳಿಕೆ.

ಹಂತ 6: ತರಗತಿ

ವೀಕೆಂಡ್‌ಗೆಂದು ನಡೆಸುವ ಮಾದರಿ ತರಗತಿಗೆ ಶಾಲೆ ತನ್ನ ಅತ್ಯುತ್ತಮ ಮಾತುಗಾರ ಪ್ರಾಧ್ಯಾಪಕರನ್ನು ನಿಲ್ಲಿಸುತ್ತದೆ. ಸೊಗಸಾಗಿರುತ್ತದೆ, ಕೂತು ಆನಂದಿಸಿ. ಅಳೆಯಲು ಬೇಕಾದದ್ದು ಮಾತ್ರ ಮಾಮೂಲಿ ತರಗತಿ. ಹಲವು ಶಾಲೆಗಳಲ್ಲಿ ವಾರದ ಒಂದು ದಿನ ತರಗತಿಯೇ ಇರುವುದಿಲ್ಲ. ಯಾವ ದಿನ ಬಂದರೆ ಮೊದಲ ವರ್ಷದ ಕಡ್ಡಾಯ ಕೋರ್ಸೊಂದರಲ್ಲಿ ಹಿಂದಿನ ಸಾಲಿನಲ್ಲಿ ಕೂರಬಹುದು ಎಂದು ಮೊದಲೇ ಕೇಳಿ, ಪ್ರಯಾಣವನ್ನು ಅದಕ್ಕೆ ಹೊಂದಿಸಿ.

ಕೂತಾಗ ಪ್ರಾಧ್ಯಾಪಕರಿಗಿಂತ ವಿದ್ಯಾರ್ಥಿಗಳನ್ನು ಹೆಚ್ಚು ನೋಡಿ. ಕೈ ಎತ್ತದವರನ್ನು ಥಟ್ಟನೆ ಹೆಸರು ಹಿಡಿದು ಕೇಳುವುದಕ್ಕೆ ಅಲ್ಲಿ ‘ಕೋಲ್ಡ್ ಕಾಲ್’ ಎನ್ನುತ್ತಾರೆ. ಹಾಗೆ ಕೇಳಿಸಿಕೊಂಡವರು ತಡವರಿಸಿದಾಗ ತರಗತಿ ಏನು ಮಾಡುತ್ತದೆ? ಯಾರಾದರೂ ಎಳೆ ಹಿಡಿದು ಮುಂದುವರಿಸಿ ಕಾಪಾಡುತ್ತಾರೋ, ಇಲ್ಲ ಆ ಸಂದಿಯಲ್ಲಿ ತಮ್ಮ ಅಂಕ ಗಿಟ್ಟಿಸಲು ನುಗ್ಗುತ್ತಾರೋ? ಇಂಗ್ಲಿಷ್ ತಾಯ್ನುಡಿಯಲ್ಲದವರು ಎಷ್ಟು ಸಲ ಮಾತಾಡಿದರು? ಈ ಮೂರು ಪ್ರಶ್ನೆಗೆ ಸಿಕ್ಕ ಉತ್ತರದಿಂದಲೇ ಎರಡು ವರ್ಷದ ಹವಾಮಾನ ಅಂದಾಜಾಗುತ್ತದೆ.

ಹಂತ 7: ಉದ್ಯೋಗ ವಿಭಾಗ

ವೇದಿಕೆಯ ಮೇಲಿನ ಮಾತು ಎಲ್ಲ ಕಡೆ ಒಂದೇ. ಅದು ಮುಗಿದ ಮೇಲೆ ಸಿಬ್ಬಂದಿಯ ಹತ್ತಿರ ಹೋಗಿ ನಿಮ್ಮ ದಾರಿಯ ಬಗ್ಗೆಯೇ ಕೇಳಿ. ‘ಟೆಕ್ ಕಂಪನಿಗಳು ಬರುತ್ತವೆಯೇ’ ಎಂದರೆ ‘ಬರುತ್ತವೆ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ‘ನನ್ನ ಹಾಗೆ ಕಾರ್ಖಾನೆ ಹಿನ್ನೆಲೆಯಿಂದ ಬಂದು ಪ್ರಾಡಕ್ಟ್ ಮ್ಯಾನೇಜರ್ ಆದ, ವೀಸಾ ಪ್ರಾಯೋಜಕತ್ವ ಬೇಕಿದ್ದ ಯಾರಾದರೂ ಈಗಿನ ಎರಡನೇ ವರ್ಷದಲ್ಲಿದ್ದಾರೆಯೇ, ಅವರ ಜೊತೆ ಮಾತಾಡಬಹುದೇ’ ಎಂದು ಕೇಳಿ. ಕೂಡಲೇ ಮೂರು ಹೆಸರು ಹೇಳಿದರೆ ಅದೇ ಉತ್ತರ. ‘ಆಮೇಲೆ ಮೇಲ್ ಮಾಡುತ್ತೇವೆ’ ಎಂದರೆ ಅದೂ ಒಂದು ಉತ್ತರ.

ಹೊರದೇಶದವರು ಇನ್ನೆರಡು ಸಂಗತಿ ಖಚಿತಪಡಿಸಿಕೊಳ್ಳಲೇಬೇಕು. ಮೊದಲನೆಯದು, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ಗುರುತಿಸಲ್ಪಟ್ಟಿದೆಯೇ, ಇಡೀ ಎಂಬಿಎಯೋ ಅದರ ಕೆಲವು ಮೇಜರ್‌ಗಳು (ವಿಶೇಷ ವಿಷಯಗಳು) ಮಾತ್ರವೋ. ಪದವಿಯ ನಂತರ ಒಪಿಟಿ ಎಂಬ, ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ಕೆಲಸದ ಅನುಮತಿಯ ಅಡಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು, ಸ್ಟೆಮ್ ಆದರೆ ಅರ್ಹರಿಗೆ ಇನ್ನೂ 24 ತಿಂಗಳ ವಿಸ್ತರಣೆಗೆ ಅವಕಾಶ. ಎಚ್-1ಬಿ ಉದ್ಯೋಗ ವೀಸಾದ ಲಾಟರಿಯಲ್ಲಿ ಒಂದೇ ಸಲ ಅದೃಷ್ಟ ನೋಡುವುದಕ್ಕೂ ಮೂರು ವರ್ಷ ಪ್ರಯತ್ನಿಸುವುದಕ್ಕೂ ಇರುವ ಅಂತರ ಅದು. ಎರಡನೆಯದು, ನೇಮಕಾತಿಯ ಗಡಿಯಾರ. ಕನ್ಸಲ್ಟಿಂಗ್, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕಡೆ ಹೋಗುವವರಿಗೆ ಬೇಸಿಗೆ ಇಂಟರ್ನ್‌ಶಿಪ್‌ನ ಓಡಾಟ ತರಗತಿ ಶುರುವಾದ ಕೆಲವೇ ವಾರಗಳಲ್ಲಿ ಆರಂಭವಾಗುತ್ತದೆ. ತಯಾರಿಯನ್ನು ಯಾವ ತಿಂಗಳಲ್ಲಿ ಶುರು ಮಾಡಿದಿರಿ ಎಂದು ಎರಡನೇ ವರ್ಷದವರನ್ನು ಕೇಳಿ ಬರೆದುಕೊಳ್ಳಿ.

ಇಷ್ಟಾದ ಮೇಲೆ ಒಬ್ಬರನ್ನು ಹುಡುಕಿ: ಎರಡನೇ ವರ್ಷದಲ್ಲಿದ್ದು ಇನ್ನೂ ಕೆಲಸ ಸಿಗದಿರುವವರು. ಅವರು ವೇದಿಕೆಯ ಮೇಲಿರುವುದಿಲ್ಲ, ಸ್ವಯಂಸೇವಕರ ಬಣ್ಣದ ಅಂಗಿಯನ್ನೂ ತೊಟ್ಟಿರುವುದಿಲ್ಲ. ಗ್ರಂಥಾಲಯದಲ್ಲಿ, ಕಾಫಿ ಸಾಲಿನಲ್ಲಿ ಸಿಗುತ್ತಾರೆ. ಗಾಯ ಕೆದಕುವ ಹಾಗೆ ಕೇಳಬೇಡಿ. ‘ಕೆಲಸ ಹುಡುಕುವ ಹೊತ್ತಿನಲ್ಲಿ ಶಾಲೆ ನಿಮ್ಮ ಜೊತೆ ನಿಂತಿದೆಯೇ’ ಎಂದಷ್ಟೇ ಕೇಳಿ. ನನ್ನ ನಿರ್ಧಾರ ಆದದ್ದು ಇಂಥ ಒಂದು ಹತ್ತು ನಿಮಿಷದಲ್ಲಿ. ‘ಪ್ರತಿ ಸೋಮವಾರ ನನ್ನ ಸಲಹೆಗಾರ್ತಿ ಫೋನ್ ಮಾಡುತ್ತಾರೆ, ನಾನು ಎತ್ತದಿದ್ದರೂ ಮಾಡುತ್ತಾರೆ’ ಎಂದರು ಆ ವಿದ್ಯಾರ್ಥಿನಿ.

ಹಂತ 8: ಹಣದ ಮಾತು

ಹಣಕಾಸು ಕಚೇರಿಯವರ ಜೊತೆ ಇಪ್ಪತ್ತು ನಿಮಿಷದ ಖಾಸಗಿ ಭೇಟಿಯನ್ನು ಒಂದು ವಾರ ಮೊದಲೇ ನಿಗದಿ ಮಾಡಿಕೊಳ್ಳಿ, ಜನಜಂಗುಳಿಯಲ್ಲಿ ಈ ಮಾತು ಆಗುವುದಿಲ್ಲ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಎಂಬಿಎಗಳಲ್ಲಿ ವಿದ್ಯಾರ್ಥಿವೇತನ ಸಿಗುವುದು ಆರ್ಥಿಕ ಅಗತ್ಯ ನೋಡಿಯೇ. ಅಲ್ಲಿ ‘ಬೇರೆ ಶಾಲೆ ಇಷ್ಟು ಕೊಟ್ಟಿದೆ’ ಎಂಬ ಮಾತಿಗೆ ಬೆಲೆಯಿಲ್ಲ, ನಿಮ್ಮ ಆದಾಯ ಮತ್ತು ಹೊಣೆಗಳಲ್ಲಿ ಏನಾದರೂ ಬದಲಾಗಿದ್ದರೆ ಅದನ್ನು ದಾಖಲೆ ಸಮೇತ ಹೇಳಿ. ಪ್ರತಿಭೆ ನೋಡಿ ಕೊಡುವ ಶಾಲೆಗಳಲ್ಲಿ ಇನ್ನೊಂದು ಶಾಲೆಯ ಪತ್ರ ತೋರಿಸಿ ಮರುಪರಿಶೀಲಿಸಲು ಕೋರುವುದು ತಪ್ಪಲ್ಲ. ಧ್ವನಿ ಮಾತ್ರ ಕೋರಿಕೆಯದಾಗಿರಲಿ.

ಕೇಳಬೇಕಾದದ್ದು: ಈ ಹಣ ಎರಡೂ ವರ್ಷಕ್ಕೋ ಮೊದಲ ವರ್ಷಕ್ಕೋ? ಅಂಕ ಕುಸಿದರೆ ನಿಲ್ಲುತ್ತದೆಯೇ? ಎರಡನೇ ವರ್ಷ ಶುಲ್ಕ ಏರಿದರೆ ನೆರವೂ ಏರುತ್ತದೆಯೇ? ಅಮೆರಿಕದ ಜಾಮೀನುದಾರರಿಲ್ಲದ ಹೊರದೇಶದವರಿಗೆ ಸಾಲ ಎಲ್ಲಿ? ಐ-20 ಸಿಗಲು ಕನಿಷ್ಠ ಮೊದಲ ವರ್ಷದ ಪೂರ್ಣ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಆ ದಾಖಲೆಗಳ ಪಟ್ಟಿಯನ್ನೂ ಆಗಲೇ ತೆಗೆದುಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಇಲ್ಲಿ ಬರೀ ಗಾದೆಯಲ್ಲ, ಸಾಲದ ಕಂತು ಪದವಿ ಮುಗಿದ ಕೆಲವೇ ತಿಂಗಳಲ್ಲಿ ಶುರುವಾಗುತ್ತದೆ.

ಹಂತ 9: ಕ್ಲಬ್ ಮೇಳ, ರಾತ್ರಿ ಪಾರ್ಟಿ

ಕ್ಲಬ್ ಮೇಳಕ್ಕೆ ಅರ್ಧ ಗಂಟೆ ಸಾಕು, ಎಲ್ಲ ಪಟ್ಟಿಗೂ ಹೆಸರು ಬರೆದರೆ ಬರುವುದು ಮೇಲ್‌ಗಳ ಪ್ರವಾಹ. ಪಾರ್ಟಿಗೆ ಹೋಗಿ. ಕುಡಿಯದವರೂ ಹೋಗಿ, ಕೈಯಲ್ಲಿ ಸೋಡಾ ಲೋಟ ಇದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಯಾರಾದರೂ ಒತ್ತಾಯಿಸಿದರೆ ಅದನ್ನು ಶಾಲೆಯ ಅಂಕಪಟ್ಟಿಯಲ್ಲಿ ಬರೆದುಕೊಳ್ಳಿ. ಕುಡಿಯುವವರು ಒಂದಕ್ಕೇ ನಿಲ್ಲಿಸಿ. ಕೆಟ್ಟ ನಡತೆಗೆ ಶಾಲೆ ಕೊಟ್ಟ ಸೀಟನ್ನು ಹಿಂಪಡೆಯುವ ಹಕ್ಕು ಉಳಿಸಿಕೊಂಡಿರುತ್ತದೆ.

ಹಂತ 10: ಪಟ್ಟಿಯಿಂದ ತಪ್ಪಿಸಿಕೊಳ್ಳುವ ಮೂರು ಗಂಟೆ

ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದ ಮೇಲೂ ವೀಕೆಂಡಿನ ಅಲಂಕಾರ ಅದನ್ನು ನುಣ್ಣಗೇ ತೋರಿಸುತ್ತದೆ, ಆದ್ದರಿಂದ ಅಲಂಕಾರವಿಲ್ಲದ ಕಡೆ ನಡೆದುಹೋಗಬೇಕು. ಶನಿವಾರ ಮಧ್ಯಾಹ್ನ ಯಾವುದಾದರೂ ಒಂದು ಕಾರ್ಯಕ್ರಮ ಬಿಟ್ಟುಬಿಡಿ. ಮೊದಲ ವರ್ಷದವರು ಬಾಡಿಗೆಗಿರುವ ಬೀದಿಗೆ ಹೋಗಿ, ಒಂದಾದರೂ ಮನೆಯ ಒಳಗೆ ಕಾಲಿಡಿ. ಅಲ್ಲಿಂದ ಶಾಲೆಗೆ ನಡೆದು ಎಷ್ಟು ನಿಮಿಷವಾಗುತ್ತದೆ ನೋಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಕತ್ತಲಾದ ಮೇಲೆ ಆ ದಾರಿಯಲ್ಲಿ ಒಬ್ಬರೇ ಬರಲು ಹೆದರಿಕೆಯಾಗುತ್ತದೆಯೇ? ದಿನಸಿ ತರಲು ಕಾರು ಬೇಕೇ? ಜ್ವರ ಬಂದರೆ ಎಲ್ಲಿಗೆ ಹೋಗುತ್ತೀರಿ ಎಂದು ಆ ಮನೆಯವರನ್ನು ಕೇಳಿ.

ಸಂಗಾತಿಯೊಡನೆ ಬಂದಿದ್ದರೆ ಈ ಮೂರು ಗಂಟೆ ಅವರದು, ಅವರು ತೋರಿಸಿದ ಕಡೆ ನೀವು ನಡೆಯಿರಿ. ವಿದ್ಯಾರ್ಥಿಯ ಸಂಗಾತಿಗೆ ಸಿಗುವ ಎಫ್-2 ವೀಸಾದಲ್ಲಿ ಕೆಲಸ ಮಾಡಲು ಅನುಮತಿಯಿಲ್ಲ. ಮನೆಯಲ್ಲಿ ಇಬ್ಬರ ಸಂಬಳವಿದ್ದವರಿಗೆ ಇದು ಹಣದ ನಷ್ಟವಷ್ಟೇ ಆಗಿ ಮುಗಿಯುವುದಿಲ್ಲ. ದಿನವಿಡೀ ಏನು ಮಾಡುವುದು ಎಂಬ ಪ್ರಶ್ನೆ ನವೆಂಬರ್ ಹೊತ್ತಿಗೆ ಸಂಸಾರದ ನಡುವೆ ಬಂದು ಕೂರುತ್ತದೆ. ಸಂಗಾತಿಗಳ ಕ್ಲಬ್ ಇದೆಯೇ, ಅವರು ತರಗತಿಗಳಲ್ಲಿ ಕೂರಬಹುದೇ ಎಂಬುದನ್ನು ಅವರೇ, ಈಗ ಅಲ್ಲಿರುವ ಸಂಗಾತಿಯೊಬ್ಬರನ್ನು, ನೀವು ಜೊತೆಯಲ್ಲಿಲ್ಲದಾಗ ಕೇಳಲಿ. ಆಗ ಸಿಗುವ ಉತ್ತರ ಬೇರೆಯೇ ಇರುತ್ತದೆ.

ಹಂತ 11: ಪ್ರತಿ ರಾತ್ರಿ ಹತ್ತು ಸಾಲು

ಎಷ್ಟೇ ದಣಿದಿದ್ದರೂ ಮಲಗುವ ಮುನ್ನ ಬರೆಯಿರಿ. ಯಾರನ್ನು ಭೇಟಿಯಾದಿರಿ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು, ಯಾವ ಕ್ಷಣದಲ್ಲಿ ಮೈ ಹಗುರಾಯಿತು, ಯಾವ ಕ್ಷಣದಲ್ಲಿ ಕೋಣೆಗೆ ಓಡಿಹೋಗಬೇಕೆನಿಸಿತು. ಮುಖ್ಯವಾಗಿ ಈ ಕೊನೆಯ ಎರಡನ್ನು ಬರೆದಿಡಿ, ಮೂರು ದಿನದ ಸಡಗರದಲ್ಲಿ ಮೊದಲು ಅಳಿಸಿಹೋಗುವವು ಅವೇ.

ಹಂತ 12: ಮನೆಗೆ ಬಂದ ಮೇಲೆ

ವಿಮಾನದಿಂದ ಇಳಿದ ದಿನವೇ ಡೆಪಾಸಿಟ್ ಕಟ್ಟಬೇಡಿ. ಪಾರ್ಟಿಯ ಗುಂಗು, ವಾಟ್ಸ್‌ಆ್ಯಪ್ ಗುಂಪಿನ ಗದ್ದಲ, ಎಲ್ಲ ಸೇರಿ ಯಾವ ಶಾಲೆಯನ್ನೂ ಸ್ವರ್ಗವಾಗಿಸುತ್ತವೆ. ಮೂರು ದಿನ ಬಿಡಿ. ಆಮೇಲೆ ಒಂದು ಪುಟದ ಪ್ರಶ್ನೆಪತ್ರಿಕೆ ತೆಗೆದು, ಉತ್ತರ ಸಿಕ್ಕವನ್ನು ಗುರುತು ಹಾಕಿ. ಸಿಗದವಕ್ಕಾಗಿ ಅಲ್ಲಿ ಭೇಟಿಯಾದವರಿಗೆ ಪತ್ರ ಬರೆಯಿರಿ. ‘ನೀವು ಇಂಥ ಮಾತು ಹೇಳಿದಿರಿ, ಅದರಿಂದ ನನಗೆ ಇಂಥದ್ದು ಸ್ಪಷ್ಟವಾಯಿತು’ ಎಂದು ಒಂದು ಸಾಲು ಸೇರಿಸಿದರೆ ಧನ್ಯವಾದವೂ ಅದರಲ್ಲೇ ಬಂತು. ವಾರದೊಳಗೆ ಬರೆದರೆ ನಿಮ್ಮ ಮುಖ ಅವರಿಗೆ ನೆನಪಿರುತ್ತದೆ.

ಹೋಗಲಾಗದವರಿಗೂ ಈ ಹಂತ ಅನ್ವಯಿಸುತ್ತದೆ. ಆನ್‌ಲೈನ್ ಕಾರ್ಯಕ್ರಮವಿದ್ದರೆ ಭಾಷಣಗಳನ್ನು ಬಿಟ್ಟು ಸಣ್ಣ ಗುಂಪಿನ ಕೋಣೆಗಳಿಗೆ ಮಾತ್ರ ಹೋಗಿ. ಆಮೇಲೆ ಆರು ಮಂದಿಗೆ ತಲಾ ಇಪ್ಪತ್ತು ನಿಮಿಷದ ಕರೆ ಮಾಡಿ: ಮೊದಲ ವರ್ಷದ ಇಬ್ಬರು, ಎರಡನೇ ವರ್ಷದ ಇಬ್ಬರು, ಓದಿ ಐದು ವರ್ಷವಾದ ಒಬ್ಬರು, ಒಬ್ಬ ವಿದ್ಯಾರ್ಥಿಯ ಸಂಗಾತಿ. ವೀಕೆಂಡ್‌ನಲ್ಲಿ ಸಿಗುವುದರ ಬಹುಪಾಲು ಆ ಎರಡು ಗಂಟೆಗಳಲ್ಲಿ ಸಿಕ್ಕೀತು. ಬೀದಿಯ ನಡಿಗೆ ಮಾತ್ರ ಸಿಗುವುದಿಲ್ಲ, ಅದಕ್ಕೆ ಅಲ್ಲೇ ಇರುವ ಒಬ್ಬರನ್ನು ವಿಡಿಯೊ ಕರೆಯಲ್ಲಿ ಮನೆಯಿಂದ ಶಾಲೆಯವರೆಗೆ ನಡೆದು ತೋರಿಸಲು ಕೇಳಿಕೊಳ್ಳಿ.

ತೀರ್ಮಾನವಾದ ಮೇಲೆ ಡೆಪಾಸಿಟ್ ಗಡುವಿಗೆ ಎರಡು ದಿನ ಮೊದಲೇ ಹಣ ಕಳಿಸಿ, ಅಂತರರಾಷ್ಟ್ರೀಯ ವರ್ಗಾವಣೆ ತಡವಾಗುವುದುಂಟು. ರಸೀದಿ ಬಂದ ದಿನ ಶಿಫಾರಸು ಪತ್ರ ಬರೆದವರಿಗೆ ನೀವೇ ತಿಳಿಸಿ, ಅವರು ಬೇರೆಯವರ ಬಾಯಿಂದ ಕೇಳಬಾರದು. ಬಿಟ್ಟುಕೊಡುತ್ತಿರುವ ಶಾಲೆಗೆ ಅದೇ ದಿನ ಬರೆಯಿರಿ. ಕೊನೆಯ ದಿನದವರೆಗೆ ಸೀಟನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳಬೇಡಿ. ಆ ಶಾಲೆಯ ವೇಟ್‌ಲಿಸ್ಟಿನಲ್ಲಿರುವ ಯಾರೋ ಒಬ್ಬರು ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುತ್ತಿರುತ್ತಾರೆ.